ಅತ್ತೆಯ ಹದಿನೇಳು ಗುಂಡಿಗಳು

ನನ್ನ ಮೇಜಿನ ಮೇಲೆ ಒಂದು ಪಾರದರ್ಶಕ ಇಟ್ಟಿಗೆ ಇದೆ. ಇಟ್ಟಿಗೆ ಅಂದರೆ ಮನೆ ಕಟ್ಟುವಷ್ಟು ದೊಡ್ಡದಲ್ಲ. ಮೈಸೂರು ಪಾಕಿನ ಎರಡು ತುಂಡು ಜೋಡಿಸಿಟ್ಟಷ್ಟು. ಗಾಜಿನಂತೆ ಕಾಣುತ್ತದೆ, ಗಾಜಲ್ಲ, ಎರಕ ಹೊಯ್ದರೆ ಗಟ್ಟಿಯಾಗುವ ರೆಸಿನ್. ಅದರೊಳಗೆ ಹಳೆಯ ಕ್ಯಾಲ್ಕುಲೇಟರಿನ ನಾಲ್ಕು ಗುಂಡಿಗಳು, ಅಂದರೆ ಐದು, ಏಳು, ಸೊನ್ನೆ ಮತ್ತು ಸಮ ಚಿಹ್ನೆ, ನೀರಿಗೆ ಬಿದ್ದು ತಳ ಮುಟ್ಟುವ ಮೊದಲೇ ನಿಂತುಬಿಟ್ಟ ಹಾಗೆ ನಿಂತಿವೆ. ಮನೆಗೆ ಬಂದವರು ಅದನ್ನು ಎತ್ತಿ ಬೆಳಕಿಗೆ ಹಿಡಿದು, "ಎಷ್ಟ್ ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?" ಎಂದು ಕೇಳುತ್ತಾರೆ. ಇಲ್ಲಿಯವರೆಗೆ ಹನ್ನೊಂದು ಜನ ಕೇಳಿದ್ದಾರೆ. ಹನ್ನೊಂದು ಸಲವೂ ನನಗೆ ಸಿಟ್ಟು ಬಂದಿದೆ. ಹನ್ನೊಂದು ಸಲವೂ "ಫ್ರೆಂಡ್ ಕೊಟ್ಟಿದ್ದು" ಎಂದು ಹೇಳಿ ಕಾಫಿ ತರಲು ಒಳಗೆ ಹೋಗಿದ್ದೇನೆ.

ಸಿಟ್ಟಿನ ಕಾರಣವನ್ನು ನಿಮಗಾದರೂ ಹೇಳಿಬಿಡುತ್ತೇನೆ.

ನಮ್ಮದೊಂದು ಗುಂಪಿದೆ, ಒಂಬತ್ತು ಜನರದು. ಚೆನ್ನಾಗಿ ಮಾಡಿದ ಹಳೆಯ ಕ್ಯಾಲ್ಕುಲೇಟರುಗಳನ್ನು ಕೂಡಿಡುವುದು ನಮ್ಮ ಹುಚ್ಚು. ನಗಬೇಡಿ. ಅಂಚೆಚೀಟಿ ಕೂಡಿಸುವವರನ್ನು ಕಂಡರೆ ಗೌರವದಿಂದ ತಲೆ ಆಡಿಸುವ ನೀವು ನಮ್ಮನ್ನು ಕಂಡರೆ ಮಾತ್ರ "ಫೋನಲ್ಲೇ ಇದೆಯಲ್ಲ" ಅನ್ನುತ್ತೀರಿ. ಫೋನಿನಲ್ಲಿ ದೇವರ ಫೋಟೋ ಕೂಡ ಇದೆ. ಹಾಗಂತ ಯಾರೂ ದೇವರ ಮನೆ ಒಡೆಸಿಲ್ಲ. ನನ್ನ ಹತ್ತಿರ ಇಪ್ಪತ್ತಮೂರು ಕ್ಯಾಲ್ಕುಲೇಟರುಗಳಿವೆ. ಯಾವುದು ಯಾವ ದಿನ ಬಂತು, ಯಾರಿಂದ ಬಂತು, ಬಂದಾಗ ಎಷ್ಟು ಗುಂಡಿ ಕೆಲಸ ಮಾಡುತ್ತಿದ್ದವು ಎಂಬುದೆಲ್ಲ ದಿನಚರಿಯಲ್ಲಿದೆ. ತಿಂಗಳ ಎರಡನೇ ಶನಿವಾರ ಸಂಜೆ ನಾವು ಸಹಕಾರನಗರದ ಒಂದು ದರ್ಶಿನಿಯ ಹೊರಗೆ, ನಿಂತು ತಿನ್ನುವ ಎತ್ತರದ ಮೇಜುಗಳ ಸುತ್ತ ಸೇರುತ್ತೇವೆ. ಸಾಂಬಾರಿನ ಬಟ್ಟಲುಗಳ ನಡುವೆ ಬಟ್ಟೆ ಹಾಸಿ ಕ್ಯಾಲ್ಕುಲೇಟರುಗಳನ್ನು ಇಡುವ ನಮ್ಮನ್ನು ನೋಡಿ ಅಲ್ಲಿನ ಸಪ್ಲಯರ್‌ಗಳು ಮೊದಮೊದಲು ನಾವು ಏನನ್ನೋ ಮಾರಲು ಬಂದವರು ಅಂದುಕೊಂಡಿದ್ದರು.

ಚೆನ್ನಾಗಿ ಮಾಡಿದ ಕ್ಯಾಲ್ಕುಲೇಟರ್ ಎಂದರೆ ಯಾವುದು ಅಂತ ನೀವು ಕೇಳಬಹುದು. ಅದರ ಗುಂಡಿಯನ್ನು ಮೂಲೆಯಲ್ಲಿ ಒತ್ತಿದರೂ ಅದು ಓರೆಯಾಗುವುದಿಲ್ಲ, ನೆಟ್ಟಗೆ ಇಳಿಯುತ್ತದೆ. ಇಳಿಯುವಾಗ ಬೆರಳಿಗೆ ಒಂದು ಸಣ್ಣ ಮೆಟ್ಟಿಲು ಸಿಗುತ್ತದೆ. ಅಂಕಿ ಬಿತ್ತು ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗುಂಡಿಯ ಮೇಲಿನ ಅಂಕಿ ಮುದ್ರಿಸಿದ್ದಲ್ಲ. ಬೇರೆ ಬಣ್ಣದ ಪ್ಲಾಸ್ಟಿಕ್ಕನ್ನು ತಳದಿಂದ ಮೇಲಿನವರೆಗೆ ಎರಕ ಹೊಯ್ದಿರುತ್ತಾರೆ. ಗುಂಡಿ ಎಷ್ಟು ಸವೆದರೂ ಏಳು ಏಳಾಗಿಯೇ ಉಳಿಯುತ್ತದೆ. ಈಗ ಬರುವವುಗಳಲ್ಲಿ ಆರು ತಿಂಗಳಿಗೆ ಎಂಟರ ಅರ್ಧ ಅಳಿಸಿ ಮೂರಾಗುತ್ತದೆ. ಇಂಥದ್ದನ್ನು ಮಾಡಿದವರಿಗೆ ನಾಚಿಕೆಯಾಗಬೇಕು ಎಂದು ದಿನಚರಿಯಲ್ಲಿ ಬೇರೆ ಬೇರೆ ದಿನಾಂಕಗಳಲ್ಲಿ ಆರು ಸಲ ಬರೆದಿದ್ದೇನೆ.

ನನಗೆ ಈ ಹುಚ್ಚು ಹಿಡಿಸಿದವಳು ಗಂಗತ್ತೆ, ನನ್ನ ಅಪ್ಪನ ಅಕ್ಕ. ಅವಳು ಹೆಬ್ಬಾಳದಲ್ಲಿ ರಾಗಿ ತಳಿಗಳ ಪ್ರಯೋಗ ನಡೆಯುವ ಹೊಲದಲ್ಲಿ ಸಹಾಯಕಿಯಾಗಿದ್ದಳು. ಹೊಲವನ್ನು ಹಗ್ಗ ಕಟ್ಟಿ ಸಣ್ಣ ಸಣ್ಣ ಮಡಿಗಳಾಗಿ ಭಾಗ ಮಾಡಿರುತ್ತಿದ್ದರು. ಕೊಯ್ಲಾದ ಮೇಲೆ ಪ್ರತಿ ಮಡಿಯ ತೆನೆಯೂ ಒಂದೊಂದು ಬಟ್ಟೆಯ ಚೀಲಕ್ಕೆ ಹೋಗಿ, ತೂಕವಾಗಿ, ಸರಾಸರಿಯಾಗಿ ಹಾಳೆಗೆ ಇಳಿಯಬೇಕು. ಕಣದ ಪಕ್ಕದ ಶೆಡ್ಡಿನಲ್ಲಿ ಒಂದು ದೊಡ್ಡ ಮೇಜಿನ ಕ್ಯಾಲ್ಕುಲೇಟರ್ ಇತ್ತು. ಬೂದು ಬಣ್ಣದ್ದು, ಗೋಡೆಗೆ ವೈರು ಸಿಕ್ಕಿಸಬೇಕಾದದ್ದು, ಕಪ್ಪು ಕಿಟಕಿಯಲ್ಲಿ ಹಸಿರು ಅಂಕಿಗಳು ಬೆಳಗುವಂಥದ್ದು. ಡಿಸೆಂಬರಿನ ರಜೆಯಲ್ಲಿ ಒಂಬತ್ತು ವರ್ಷದ ನನ್ನನ್ನು ಅತ್ತೆ ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು. ತಕ್ಕಡಿಯ ಅಂಕಿಯನ್ನು ಜೋರಾಗಿ ಓದುವುದು ನನ್ನ ಕೆಲಸ.

"ಕೂಗು ಮಗ," ಅನ್ನುವಳು. ನಾನು ಕೂಗುವೆ. ಅವಳು ಗುಂಡಿಗಳ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಮುಂದಿನ ಚೀಲದ ಮೇಲೆ, ಬಾಯಿ ಯಾರನ್ನೋ ಬೈಯುವುದರ ಮೇಲೆ, ಬೆರಳು ಮಾತ್ರ ಟಕ ಟಕ ಎಂದು ಅದರ ಪಾಡಿಗೆ. ಒಂದು ದಿನ ನಾನು ಮುನ್ನೂರ ಐವತ್ತೇಳನ್ನು ಮುನ್ನೂರ ಎಪ್ಪತ್ತೈದು ಎಂದು ಕೂಗಿದೆ. ಸರಾಸರಿ ಬಂದಾಗ ಅತ್ತೆ ಹಸಿರು ಅಂಕಿಯನ್ನು ನೋಡಿ, "ಇದು ಆ ಮಡಿ ಅಲ್ಲ ಕಣವ್ವ, ಎಲ್ಲೋ ಬಾಯಿ ಜಾರ್ತು ನಿಂಗೆ," ಅಂದಳು. ಆಮೇಲೆ ಅವಳ ಬದುಕಿನ ಏಕೈಕ ಉಪದೇಶ ಬಂತು: "ಒಂದ್ ಕಿತ ಒತ್ತುದ್ರೆ ಅಂದಾಜು, ಎರಡ್ ಕಿತ ಒತ್ತುದ್ರೆ ಲೆಕ್ಕ."

ಅದೇ ವರ್ಷ ಅವಳು ನನಗೆ ಒಂದು ದಿನಚರಿ ಪುಸ್ತಕ ಕೊಟ್ಟಳು. ಮೊದಲ ಪುಟದಲ್ಲಿ ನಾನು ಬರೆದದ್ದು: ಇಡ್ಲಿ ಮೂರು, ಅಣ್ಣ ಹೊಡೆದದ್ದು ಎರಡು ಸಲ, ನಾನು ಹೊಡೆದದ್ದು ನಾಲ್ಕು ಸಲ. ನನ್ನ ಶೈಲಿ ಅಲ್ಲಿಂದ ಇಲ್ಲಿಗೆ ಹೆಚ್ಚೇನೂ ಬದಲಾಗಿಲ್ಲ.

ಅತ್ತೆ ನಿವೃತ್ತಳಾಗುವ ಹೊತ್ತಿಗೆ ಆ ಕ್ಯಾಲ್ಕುಲೇಟರನ್ನು ಕೆಲಸಕ್ಕೆ ಬಾರದ್ದೆಂದು ಮೂಲೆಗೆ ಹಾಕಿದ್ದರು. ಬೀಳ್ಕೊಡುಗೆಗೆ ಶಾಲು ತರಬೇಕೋ ಗೋಡೆ ಗಡಿಯಾರ ತರಬೇಕೋ ಎಂದು ಮಾತಾಡುತ್ತಿದ್ದವರಿಗೆ ಅವಳು, "ಎರಡೂ ಬ್ಯಾಡ, ಅದ್ ಕೊಟ್ಬುಡಿ," ಅಂದಳಂತೆ. ಈಗ ಅದು ಪುಟ್ಟೇನಹಳ್ಳಿಯ ಅವಳ ಮನೆಯ ಜಗುಲಿಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲಿದೆ. ಮಹಡಿಯ ಮೇಲೆ ಒಂದು ಮಳೆಮಾಪಕ ಇಟ್ಟಿದ್ದಾಳೆ. ದಿನಾ ಬೆಳಿಗ್ಗೆ ಮಳೆ ಅಳೆದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಮಾರ್ಕರಿನಿಂದ ಬರೆಯುತ್ತಾಳೆ. ಭಾನುವಾರ ಸಂಜೆ ಏಳು ದಿನದ್ದನ್ನು ಕೂಡಿಸಿ, ಭಾಗಿಸಿ, ನನಗೆ ಫೋನು ಮಾಡಿ ಸರಾಸರಿ ಹೇಳುತ್ತಾಳೆ. ನಾನು ಬರೆದುಕೊಳ್ಳುತ್ತೇನೆ. ಈ ಗುಂಡಿಗಳ ಗಲಾಟೆಗೆ ಮೊದಲು ಹನ್ನೊಂದು ವರ್ಷದಲ್ಲಿ ತಪ್ಪಿದ್ದು ನಾಲ್ಕು ಭಾನುವಾರ: ಒಂದು ಅಜ್ಜಿ ತೀರಿಕೊಂಡಾಗ, ಒಂದು ಫೋನು ನೀರಿನ ತೊಟ್ಟಿಗೆ ಬಿದ್ದಾಗ, ಎರಡು ಅವಳ ಕಣ್ಣಿಗೆ ಚಿಕಿತ್ಸೆಯಾದಾಗ. ಈ ಲೆಕ್ಕ ಯಾರಿಗೂ ಬೇಕಿಲ್ಲ. ಆದರೆ ನಾವಿಬ್ಬರೂ ಬದುಕಿದ್ದೇವೆ ಎಂಬುದು ನಮಗೆ ಗೊತ್ತಾಗುವುದು ಇದರಿಂದಲೇ.

ಕಣ್ಣಿನ ವಿಷಯ ಬಂತಲ್ಲ, ಅದನ್ನೂ ಹೇಳಬೇಕು. ಅವಳಿಗೆ ನೋಟದ ನಟ್ಟನಡುವೆ ಮಬ್ಬು. ಅಂಚಿನಲ್ಲಿ ಕಾಣುತ್ತದೆ, ನೇರವಾಗಿ ನೋಡಿದರೆ ಇಲ್ಲ. ಹಾಗಾಗಿ ಅವಳು ಹಸಿರು ಅಂಕಿಗಳನ್ನು ಕೋಳಿಯ ಹಾಗೆ ತಲೆ ವಾಲಿಸಿ ನೋಡುತ್ತಾಳೆ. ಅಂಕಿಗಳು ದೊಡ್ಡವು, ಬೆಳಗುತ್ತವೆ, ಸಾಲುತ್ತದೆ. ಗುಂಡಿಗಳನ್ನು ಹೇಗೆ ನೋಡುತ್ತಾಳೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಅವಳು ಯಾವತ್ತೂ ನೋಡದವಳೇ ಅಲ್ಲವೇ.

ಈಗ ಸಿಟ್ಟಿಗೆ ಬರುತ್ತೇನೆ.

ಜೂನ್ ತಿಂಗಳ ಎರಡನೇ ಶನಿವಾರ. ನಮ್ಮ ಗುಂಪಿನ ರಘು, ಆರ್‌.ಟಿ. ನಗರದವನು, ಮದುವೆ ಮನೆಗಳಿಗೆ ನೆನಪಿನ ಕಾಣಿಕೆ ಮಾಡಿಸಿಕೊಡುವವನು, ಎರಡನೇ ಕಾಫಿ ಹಿಡಿದು ಗಂಟಲು ಸರಿಮಾಡಿಕೊಂಡ.

"ಗುರುಗಳೇ, ಒಂದ್ ಪ್ಲಾನ್ ಇದೆ. ನಮ್ಮಂಥ ಹುಚ್ಚರು ದೇಶದ ತುಂಬ ಇದಾರೆ. ಅವರಿಗೋಸ್ಕರ ಅಂತಾನೇ ಏನಾದ್ರೂ ಐಟಮ್ ಮಾಡೋಣ. ಏನ್ ಬೇಕು ಅನ್ನೋದು ನಮಗಿಂತ ಯಾರಿಗ್ ಚೆನ್ನಾಗ್ ಗೊತ್ತು? ಒಂದ್ ವಾರ ಟೈಮು, ಎಲ್ಲರೂ ಐಡಿಯಾ ಕಳಿಸಿ. ಸುಮಾ, ನೀನ್ ಹೆಂಗೂ ಪಟ್ಟಿ ಮಾಡ್ದೆ ಇರಕ್ಕಾಗಲ್ಲ, ಪಟ್ಟಿ ನಿಂದು."

ಒಂದು ವಾರದಲ್ಲಿ ನಲವತ್ತೊಂದು ಐಡಿಯಾ ಬಂದವು. ಒಳಗೆ ದೀಪ ಇರುವ ಗಾಜಿನ ಪೆಟ್ಟಿಗೆ. ಕ್ಯಾಲ್ಕುಲೇಟರನ್ನು ಬಿಚ್ಚಿ ಭಾಗಗಳನ್ನು ಹರಡಿ ಗೋಡೆಗೆ ನೇತುಹಾಕುವ ಚೌಕಟ್ಟು. ತಿರುಗುವ ಪೀಠ. ಮಖಮಲ್ಲಿನ ಗೂಡು. ಹಿಡಿದು ತೋರಿಸಲು ಬಿಳಿ ಕೈಗವಸು. ಒಬ್ಬರಂತೂ "ದಯವಿಟ್ಟು ಮುಟ್ಟಬೇಡಿ" ಎಂಬ ಹಿತ್ತಾಳೆ ಫಲಕ ಕಳಿಸಿದ್ದರು. ನಾನು ಪಟ್ಟಿಯ ಪಕ್ಕದಲ್ಲಿ ಒಂದು ಕಲಂ ಹಾಕಿದೆ: "ಇದರಿಂದ ಯಾರಾದರೂ ಗುಂಡಿ ಒತ್ತುತ್ತಾರೆಯೇ?" ಮೂವತ್ತೇಳಕ್ಕೆ ಇಲ್ಲ, ನಾಲ್ಕಕ್ಕೆ ಹೌದು. ಆ ನಾಲ್ಕೂ ನನ್ನವೇ. ದೂಳು ತೆಗೆಯಲು ಮೇಕೆ ಕೂದಲ ಸಣ್ಣ ಬ್ರಷ್ಷು. ಅಂಕಿ ಕಣ್ಣಿಗೆ ನೇರ ಬರುವಂತೆ ಕೆಳಗೆ ಇಡುವ ಮರದ ಒತ್ತು. ಹಳೇ ನೂಲಿನ ಸೀರೆಯಲ್ಲಿ ಹೊಲಿದ ಮುಸುಕು. ಗುಂಡಿಗಳ ಕೆಳಗೆ ಹಾಕಲು ಬಿಡಿ ಸ್ಪ್ರಿಂಗುಗಳ ಪೊಟ್ಟಣ.

ರಘು ಫೋನು ಮಾಡಿದ. "ಸುಮಾ, ನಿಂದೆಲ್ಲ ಬಳಸೋರಿಗೆ ಕಣೇ. ನಾವ್ ಕೇಳಿದ್ದು ಕಲೆಕ್ಟರ್ಸಿಗೆ."

ಈ ಒಂದು ಮಾತಿಗೆ ದಿನಚರಿಯಲ್ಲಿ ಎರಡೂವರೆ ಪುಟ ಖರ್ಚಾಗಿದೆ. ಒಲೆಗೆ ಏರದ ಪಾತ್ರೆ ಪಾತ್ರೆಯೇ? ಬೆರಳು ತಗಲದ ಕ್ಯಾಲ್ಕುಲೇಟರ್ ಕ್ಯಾಲ್ಕುಲೇಟರೇ? ಒಬ್ಬ ಕುಶಲಕರ್ಮಿ ಗುಂಡಿಯ ಇಳಿಜಾರನ್ನು ಬೆರಳಿಗೆ ಅಳೆದು ಅಳೆದು ಮಾಡಿದ್ದು ದೀಪದ ಕೆಳಗೆ ಕೂರಿಸಲಿಕ್ಕಾ? ಹೀಗೆಲ್ಲ. ನಾನು ಎಷ್ಟು ಸರಿಯಾಗಿದ್ದೆ ಎಂದು ಈಗ ಓದಿದರೆ ಮೈ ಉರಿಯುತ್ತದೆ. ಏಕೆಂದರೆ ಅದನ್ನು ಬರೆಯುವ ಒಂದು ವಾರ ಮೊದಲೇ, ಅದೇ ಶನಿವಾರ, ಅದೇ ದರ್ಶಿನಿಯ ಮೇಜಿನ ಮೇಲೆ, ನಾನು ಏನು ಮಾಡಬಾರದೋ ಅದನ್ನು ಮಾಡಿ ಮುಗಿಸಿದ್ದೆ.

ಆ ವಾರ ಅತ್ತೆಯ ಕ್ಯಾಲ್ಕುಲೇಟರಿನ ವೈರು ಕಿತ್ತು, ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ನಾನು ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ ಸಹಕಾರನಗರಕ್ಕೆ ತಂದು ಬಸವರಾಜಣ್ಣನ ಕೈಗೆ ಕೊಟ್ಟೆ. ಬಸವರಾಜಣ್ಣ ಗದಗಿನ ಕಡೆಯವರು. ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಕೆಲಸ, ಗೊರಗುಂಟೆಪಾಳ್ಯದಲ್ಲಿ ಮನೆ. ನಮ್ಮೆಲ್ಲರ ಕ್ಯಾಲ್ಕುಲೇಟರುಗಳ ವೈದ್ಯರು ಅವರೇ. ಅವರಿಗೆ ಯಾರ ಯಂತ್ರಕ್ಕೆ ಏನಾಗಬೇಕು ಎಂಬುದು ಗೊಂದಲವಾಗಬಾರದು ಎಂದು ವರ್ಷದ ಹಿಂದೆ ಒಂದು ಚೀಟಿ ಮಾಡಿಸಿದ್ದವಳು ನಾನು. ಅದರಲ್ಲಿ ಐದು ಚೌಕಗಳು: ವೈರು, ಸ್ವಿಚ್ಚು, ಒಳಗಿನ ದೂಳು, ಹೊರ ಕವಚ, ಗುಂಡಿಗಳು.

ನಾನು ಯಲಹಂಕದ ಹತ್ತಿರ ಹಾಲು ಪರೀಕ್ಷೆ ಮಾಡುವ ಒಂದು ಕೊಠಡಿಯಲ್ಲಿ ಕೆಲಸ ಮಾಡುತ್ತೇನೆ. ಜಿಡ್ಡು ಎಷ್ಟು, ನೀರು ಎಷ್ಟು, ಹುಳಿ ಎಷ್ಟು ಎಂದು ನಮೂನೆಯಲ್ಲಿ ತುಂಬಬೇಕು. ನಮ್ಮಲ್ಲಿ ಒಂದು ಚೌಕ ಖಾಲಿ ಇದ್ದರೆ ಯಾರೋ ಒಂದು ಪರೀಕ್ಷೆ ಮರೆತಿದ್ದಾರೆ ಎಂದೇ ಅರ್ಥ. ಐದು ವರ್ಷದಿಂದ ಇದೇ ಕೆಲಸ. ಖಾಲಿ ಚೌಕ ಕಂಡರೆ ನನಗೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುತ್ತದೆ. ಚೀಟಿಯಲ್ಲಿ ವೈರಿಗೆ ಗುರುತು ಹಾಕಿದೆ. ಕೆಳಗೆ ನಾಲ್ಕು ಚೌಕ ನನ್ನನ್ನೇ ನೋಡುತ್ತಿದ್ದವು. ನಾಲ್ಕಕ್ಕೂ ಹಾಕಿಬಿಟ್ಟೆ.

ಯಂತ್ರ ಇಲ್ಲದ ಆ ಒಂದು ಭಾನುವಾರ ಲೆಕ್ಕ ಬೇಕಾಗಲಿಲ್ಲ, ವಾರವಿಡೀ ಮಳೆ ಸೊನ್ನೆ. ಮುಂದಿನ ಶನಿವಾರ ಬಸವರಾಜಣ್ಣ ತಂದುಕೊಟ್ಟಾಗ ಅದು ಈಗಷ್ಟೇ ಪೆಟ್ಟಿಗೆಯಿಂದ ತೆಗೆದ ಹಾಗಿತ್ತು. ಅದೇ ಜಾತಿಯ, ಒಳಗೆ ಸುಟ್ಟುಹೋದ ಇನ್ನೊಂದು ಯಂತ್ರದಿಂದ ಹದಿನೇಳೂ ಗುಂಡಿಗಳನ್ನು ತೆಗೆದು ಇದಕ್ಕೆ ಜೋಡಿಸಿದ್ದರು. ಅವು ಬಳಸದೇ ಉಳಿದಿದ್ದವು. ನಾನು ಫೋಟೋ ತೆಗೆದು ಗುಂಪಿಗೆ ಹಾಕಿದೆ. ಅವತ್ತು ನಾನು ಪಟ್ಟ ಹೆಮ್ಮೆಯನ್ನು ದಿನಚರಿಯಿಂದ ಕಿತ್ತುಹಾಕಬೇಕು ಅನ್ನಿಸುತ್ತದೆ. ಪುಟಕ್ಕೆ ಸಂಖ್ಯೆ ಹಾಕಿದ್ದೇನೆ, ಕಿತ್ತರೆ ಗೊತ್ತಾಗುತ್ತದೆ.

ಅದೇ ಸಂಜೆ ಅತ್ತೆಗೆ ಕೊಟ್ಟೆ. ಅವಳು ಅಂಗೈಯಿಂದ ಅದರ ಮೈ ಸವರಿದಳು. ಗುಂಡಿಗಳ ಮೇಲೆ ಕೈ ಸ್ವಲ್ಪ ನಿಂತಿತು. "ಒಸದಂಗದೆ," ಅಂದಳು. "ಕಷ್ಟಪಟ್ಟಿದೀಯ ಕಣವ್ವ." ನಾನು ಹಿಗ್ಗಿದೆ.

ಮರುದಿನ ಭಾನುವಾರ ಸಂಜೆ ಫೋನು ಬರಲಿಲ್ಲ. ನಾನೇ ಮಾಡಿದೆ. "ಇವತ್ತು ಬ್ಯಾಡ, ನೆಂಟ್ರು ಬಂದವ್ರೆ," ಅಂದಳು. ಅದರ ಮುಂದಿನ ಭಾನುವಾರ ಕರೆಂಟು ಇರಲಿಲ್ಲವಂತೆ. ಮೂರನೆಯ ಭಾನುವಾರ ಕೇಳಿದಾಗ ಅತ್ತೆ, "ಮಳೆ ಬಂತು ಮಗ. ಸುಮಾರಾಗಿ ಬಂತು," ಅಂದಳು.

ಸುಮಾರಾಗಿ. ನನ್ನ ಜೀವಮಾನದಲ್ಲಿ ಅತ್ತೆಯ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಪಾಯಸಕ್ಕೆ ಸಕ್ಕರೆ ಎಷ್ಟು ಎಂದರೂ ಚಮಚದಲ್ಲಿ ಹೇಳುವವಳು. ಸೋಮವಾರ ಅರ್ಧ ದಿನ ರಜೆ ಹಾಕಿ ಪುಟ್ಟೇನಹಳ್ಳಿಗೆ ಹೋದೆ.

ಅವಳು ಮೇಜಿನ ಮುಂದೆ ಕೂತಿದ್ದಳು. ಬೆರಳು ಗುಂಡಿಗಳ ಮೇಲೆ ಅಲೆಯುತ್ತಿತ್ತು, ಹೊಸ ಊರಿನಲ್ಲಿ ಇಳಿದವರು ಬೀದಿ ಹುಡುಕುವ ಹಾಗೆ. ಒತ್ತುವಳು, ತಲೆ ವಾಲಿಸಿ ಹಸಿರು ಅಂಕಿ ನೋಡುವಳು, ಅಳಿಸುವಳು. ಐದರ ಗುಂಡಿಯ ಮೇಲೆ ಏನೋ ಚುಕ್ಕೆ ಕಂಡಿತು. ಹತ್ತಿರ ಹೋಗಿ ನೋಡಿದರೆ ರಾಗಿ ಕಾಳು. ಗೋಂದು ಹಾಕಿ ಅಂಟಿಸಿದ್ದಳು.

"ಇದೇನತ್ತೆ?"

"ಗುರ್ತು ಕಣವ್ವ. ನಿಲ್ಲಾಕಿಲ್ಲ, ಉದುರೋಯ್ತದೆ. ಇದು ನಾಕ್ನೇದು." ಆಮೇಲೆ ಕಾಳನ್ನು ಬೆರಳಿನಿಂದ ಒತ್ತಿ ಕೂರಿಸುತ್ತ ಹೇಳಿದಳು. "ಐದ್ರಾಗೆ ತಗ್ಗಿತ್ತು, ಬೆಳ್ಳು ಇಟ್ರೆ ಕೂತ್ಕಳದು. ಅಲ್ಲಿಂದ ಮಿಕ್ಕಿದ್ದೆಲ್ಲ ಲೆಕ್ಕ. ಏಳ್ರದು ಎಡಗಡೆ ಮೂಲೆ ಸವ್ದಿತ್ತು. ಸೊನ್ನೆ ನುಣ್ಣಗಿತ್ತು, ಸೋಪ್ ತುಂಡಂಗೆ. ಈಗ ಎಲ್ಲ ಒಂದೇ ಕೋಳಿ ಮೊಟ್ಟೆ ಇಟ್ಟಂಗವೆ. ಯಾವುದ್ ಯಾವುದು ಅಂತ ಗೊತ್ತಾಗಾಕಿಲ್ಲ."

"ನಂಗ್ಯಾಕೆ ಮೊದಲೇ ಅನ್ಲಿಲ್ಲ?"

"ಅಷ್ಟ್ ಆಸೆಯಿಂದ ಮಾಡ್ಸ್ಕೊಂಡ್ ಬಂದಿದ್ದೆ. ಎಂಗನ್ನಾದು?"

ಮಾತಾಡುವ ಕ್ಯಾಲ್ಕುಲೇಟರ್ ಇದೆ, ಫೋನಿನಲ್ಲೇ ಹಾಕಿಕೊಡುತ್ತೇನೆ ಎಂದೆ. ಅವಳು ಕೈ ಅಲ್ಲಾಡಿಸಿದಳು. "ನಾನ್ ಲೆಕ್ಕ ಮಾಡೋವಾಗ ಪಕ್ದಲ್ಲಿ ಯಾರಾರ ಮಾತಾಡುದ್ರೆ ನಂಗಾಗಾಕಿಲ್ಲ. ನಿಂಗೂ ಎಷ್ಟ್ ಕಿತ ಬೈದಿದೀನಿ." ಹಾಗಾದರೆ ನಾನೇ ಕೂಡಿಸಿ ಭಾಗಿಸಿ ಬರೆದುಕೊಳ್ಳಲೇ ಎಂದೆ. ಕ್ಯಾಲೆಂಡರಿನ ಹಿಂದೆ ಮೂರು ವಾರದ ಅಂಕಿಗಳು ಇದ್ದೇ ಇದ್ದವು. ಅವಳು ಆ ಹಾಳೆಯನ್ನು ಮಡಿಸಿ ಮೇಜಿನ ಡ್ರಾಯರಿನಲ್ಲಿ ಇಟ್ಟಳು.

ಅಲ್ಲಿಂದ ನೇರವಾಗಿ ಗೊರಗುಂಟೆಪಾಳ್ಯಕ್ಕೆ. ದಾರಿಯಲ್ಲಿ ಎರಡು ಬಸ್ಸು, ಮೂರು ಸಿಗ್ನಲ್ಲು, ಒಂದು ತಾಸು ನಲವತ್ತು ನಿಮಿಷ ಸಿಟ್ಟು. ಬಸವರಾಜಣ್ಣ ಆಗಷ್ಟೇ ಕೆಲಸದಿಂದ ಬಂದು ಕೈ ತೊಳೆಯುತ್ತಿದ್ದರು. ನಾನು ಬಾಗಿಲಲ್ಲೇ ಶುರುಮಾಡಿದೆ: ಗುಂಡಿ ಸವೆದಿರುವುದು ರೋಗವಲ್ಲ, ಕೇಳದೆ ಹೇಗೆ ಬದಲಾಯಿಸಿದಿರಿ, ಮನೆಯಲ್ಲಿ ಅಜ್ಜಿ ಇದ್ದಿದ್ದರೆ ಅವರ ಹಲ್ಲನ್ನೂ ಹೀಗೇ ಬದಲಾಯಿಸುತ್ತಿದ್ದಿರಾ. ಅವರು ಪೂರ್ತಿ ಕೇಳಿಸಿಕೊಂಡರು. ಟವಲಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋಗಿ ಒಂದು ಫೈಲು ತಂದು, ಅದರಿಂದ ಒಂದು ಚೀಟಿ ತೆಗೆದು ನನ್ನ ಮುಂದೆ ಹಿಡಿದರು.

"ಇದು ಯಾರ ಅಕ್ಷರ ನೋಡ್ರಿ ಮೇಡಮ್ಮಾರ."

ಐದು ಚೌಕ, ಐದು ಗುರುತು. ಕೆಳಗೆ ನನ್ನ ಸಹಿ, ದಿನಾಂಕ, ಮತ್ತು ನಾನು ಯಾವಾಗಲೂ ಬರೆಯುವ ಹಾಗೆ ಸಮಯ.

"ನಾ ಆವತ್ತs ಅಂದಿದ್ನಿ, ಗುಂಡಿ ಭಾಳ ಛಲೋ ಸವದಾವ, ಇರಲೇನ್ರಿ ಅಂತ. ನೀವು ಕಾಫಿ ಕುಡಕೋತ, ಎಲ್ಲಾ ಮಾಡ್ರಿ ಅಂದ್ರಿ."

ಅವರು ಅಂದದ್ದು ನನಗೆ ನೆನಪಿಲ್ಲ. ಆದರೆ ದಿನಚರಿಯಲ್ಲಿ ಆ ದಿನ ಕಾಫಿ ಎರಡು ಎಂದಿದೆ. ಸಿಟ್ಟು ಎಂಬುದು ವಿಳಾಸ ತಪ್ಪಿದ ಪಾರ್ಸೆಲಿನ ಹಾಗೆ; ಊರೆಲ್ಲ ಸುತ್ತಿ ಕಳಿಸಿದವರ ಬಾಗಿಲಿಗೇ ಬಂದು ನಿಲ್ಲುತ್ತದೆ. ನಾನು ಅವರ ಮನೆಯ ಮೆಟ್ಟಿಲ ಮೇಲೆ ಕೂತೆ. ಅವರ ಹೆಂಡತಿ ನೀರು ತಂದುಕೊಟ್ಟರು.

"ಹಳೇ ಗುಂಡಿ ಎಲ್ಲಿವೆ ಬಸವರಾಜಣ್ಣ? ಬಿಸಾಕಿದ್ರಾ?"

"ಛೇ, ಅಂಥಾವು ಯಾರರ ಒಗೀತಾರೇನ್ರಿ?" ಅವರು ಒಂದು ಮಾತ್ರೆ ಡಬ್ಬಿ ತಂದು ಅಲ್ಲಾಡಿಸಿದರು. ಎಣಿಸಿದೆ. ಹದಿಮೂರು. ಮತ್ತೆ ಎಣಿಸಿದೆ. "ನಾಕು ರಘು ಒಯ್ದಾನ್ರಿ. ಸ್ಯಾಂಪಲ್ ಮಾಡ್ತೀನಿ ಅಂದ. ಭಾಳ ಸವದಾವನ್ನs ಆರಿಸಿಕೊಂಡು ಹೋದ."

ರಘುವಿಗೆ ಆವತ್ತು ರಾತ್ರಿಯೊಳಗೆ ಒಂಬತ್ತು ಸಲ ಫೋನು ಮಾಡಿದೆ. ಎತ್ತಲಿಲ್ಲ. "ಹೈದರಾಬಾದಲ್ಲಿದೀನಿ, ಶನಿವಾರ ಸರ್‌ಪ್ರೈಸ್ ಇದೆ" ಎಂದು ಸಂದೇಶ ಕಳಿಸಿದ. ಆ ವಾರ ನಾನು ಹೇಗೆ ಕಳೆದೆ ಎಂಬುದನ್ನು ಬರೆಯುವುದಿಲ್ಲ. ಹಾಲಿನ ನಮೂನೆಯಲ್ಲಿ ಎರಡು ಸಲ ಅಂಕಿ ತಪ್ಪಾಗಿ ಬರೆದೆ, ಐದು ವರ್ಷದಲ್ಲಿ ಮೊದಲ ಬಾರಿ.

ಜುಲೈ ಎರಡನೇ ಶನಿವಾರ, ಸಹಕಾರನಗರ. ರಘು ಚೀಲದಿಂದ ಒಂದು ಪೆಟ್ಟಿಗೆ ತೆಗೆದ, ಪೆಟ್ಟಿಗೆಯಿಂದ ಬಟ್ಟೆ ತೆಗೆದ, ಬಟ್ಟೆಯಿಂದ ಆ ಪಾರದರ್ಶಕ ಇಟ್ಟಿಗೆ ತೆಗೆದು ಮೇಜಿನ ಮೇಲಿಟ್ಟ. ಎಲ್ಲರೂ ಬಾಗಿದರು. ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಐದರ ತಗ್ಗು, ಏಳರ ಜಾರಿದ ಮೂಲೆ, ಸಮ ಚಿಹ್ನೆಯ ಮೇಲೆ ಹೆಬ್ಬೆರಳಿನ ಓರೆ, ಎಲ್ಲ ಸ್ಪಷ್ಟವಾಗಿ ಕಂಡವು. ನಾನು ಅಷ್ಟು ಹತ್ತಿರದಿಂದ ಅವನ್ನು ನೋಡಿದ್ದು ಅದೇ ಮೊದಲು.

"ನಲವತ್ತೊಂದು ಐಡಿಯಾದಲ್ಲಿ ಇಲ್ಲದಿರೋದು," ಎಂದ ರಘು. "ಮನುಷ್ಯನ ಬೆರಳು ಸವೆಸಿರೋ ಗುಂಡಿ, ಪರ್ಮನೆಂಟಾಗಿ. ಇನ್ನ್ ಯಾವತ್ತೂ ಹಾಳಾಗಲ್ಲ."

"ಅದನ್ನ ಹೊರಗೆ ತೆಗಿ," ಅಂದೆ.

"ಏನು?"

"ಗುಂಡಿ. ಹೊರಗೆ ತೆಗಿ ರಘು."

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿದ. "ತೆಗಿಯಕ್ಕಾಗಲ್ಲ ಕಣೇ, ಅದು ರೆಸಿನ್. ಯಾಕ್ ಹಿಂಗಾಡ್ತಿದೀಯ? ಹಿಸ್ಟರಿ ಇದು. ನಾನ್ ಅದನ್ನ ಉಳಿಸಿದೀನಿ."

"ಹಿಸ್ಟರಿ ಅಲ್ಲ. ನಾಳೆ ಭಾನುವಾರ. ನಮ್ಮತ್ತೆಗೆ ಬೇಕು."

ಕಣ್ಣಿನ ವಿಷಯ, ರಾಗಿ ಕಾಳಿನ ವಿಷಯ ಎಲ್ಲ ಹೇಳಿದೆ. ರಘು ಇಟ್ಟಿಗೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿದ, ಎಲ್ಲಾದರೂ ಒಂದು ಬಾಗಿಲು ಇರಬಹುದು ಎಂಬಂತೆ. ಬಸವರಾಜಣ್ಣ ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದರು. "ಕೊರದ್ರ ಗುಂಡೀನೂ ಹೋಗ್ತಾವ್ರಿ. ಕಚ್ಚಿ ಹಿಡದೈತಿ." ಇಟ್ಟಿಗೆಯನ್ನು ಮೇಜಿನ ಮೇಲಿಟ್ಟು ಹೇಳಿದರು: "ಹದಿಮೂರು ಹಳೇವು ಹಾಕೋಣು. ಉಳದ ನಾಕು ಹೊಸಾವನ್ನ ನಾ ಸವಸ್ತೀನಿ. ಅಂಕಿ ತಳದ ಮಟ ಐತಲ್ಲ, ಉಜ್ಜಿದ್ರ ಅಳಿಸೂದಿಲ್ಲ. ಆದ್ರ ಎಷ್ಟು ಉಜ್ಜಬೇಕು ಅನ್ನೂದನ್ನ ನಿಮ್ಮ ಅತ್ತಿಯಾರs ಹೇಳಬೇಕು."

ಮರುದಿನ ಬೆಳಿಗ್ಗೆ ಹತ್ತಕ್ಕೆ ನಾನೂ ಬಸವರಾಜಣ್ಣನೂ ಪುಟ್ಟೇನಹಳ್ಳಿಯಲ್ಲಿದ್ದೆವು. ಅತ್ತೆ ಮೊದಲು ಇಟ್ಟಿಗೆಯನ್ನು ಕೈಗೆ ತೆಗೆದುಕೊಂಡಳು. ಆರೂ ಬದಿಯಲ್ಲಿ ಬೆರಳಾಡಿಸಿದಳು. ಎಲ್ಲ ಬದಿಯೂ ನುಣ್ಣಗಿತ್ತು. "ಒಳಗವೆ, ಕೈಗೆ ಸಿಕ್ಕಾಕಿಲ್ಲ," ಎಂದು ಅದನ್ನು ನನಗೆ ವಾಪಸ್ಸು ಕೊಟ್ಟಳು. ಬಸವರಾಜಣ್ಣ ಜಗುಲಿಯಲ್ಲಿ ಪೇಪರು ಹಾಸಿ, ಹದಿಮೂರು ಹಳೆಯ ಗುಂಡಿ ಸಿಕ್ಕಿಸಿ, ಸಣ್ಣ ಅರವೂ ಎಮರಿ ಹಾಳೆಯೂ ಇಟ್ಟುಕೊಂಡು ಚಕ್ಕಳಮಕ್ಕಳ ಕೂತರು. ಉಜ್ಜುವುದು, ಸಿಕ್ಕಿಸುವುದು, ಅತ್ತೆ ಕಣ್ಣು ಮುಚ್ಚಿ ಬೆರಳಿಟ್ಟು ನೋಡುವುದು, ಮತ್ತೆ ಬಿಚ್ಚುವುದು.

"ಇನ್ನೂ ವಸಿ."

"ವಸಿ ಅಂದ್ರ ಎಷ್ಟ್ರೀ ಅಮ್ಮಾರ? ನಂಗ ಮೈಕ್ರಾನ್ನಾಗ ಕೇಳಿ ರೂಢಿ."

"ವಸಿ ಅಂದ್ರೆ ವಸಿ ಕಣಪ್ಪ. ನಿಮ್ಮೂರಾಗೆ ಇಲ್ವಾ ವಸಿ?"

"ನಮ್ಮೂರಾಗ ಚೂರು ಐತ್ರಿ."

"ಅಂಗಾರೆ ಅರ್ಧ ಚೂರು."

ನಾನು ಪಕ್ಕದಲ್ಲಿ ಕೂತು ಎಣಿಸಿದೆ. ಬೇರೆ ಏನು ಮಾಡಲು ಬರುತ್ತದೆ ನನಗೆ. ಐದಕ್ಕೆ ಎಂಬತ್ತಾರು ಉಜ್ಜು. ಸೊನ್ನೆಗೆ ಎಪ್ಪತ್ತು. ಸಮ ಚಿಹ್ನೆಗೆ ಐವತ್ತೆರಡು. ಅಲ್ಲಿ ಅತ್ತೆ "ಸಾಕು, ಇದು ಬಂತು" ಎಂದು ನಕ್ಕಳು. ಏಳು ಮಾತ್ರ ಬರಲಿಲ್ಲ. ಐದು ಸಲ ಬಿಚ್ಚಿದರು, ಐದು ಸಲ ಸಿಕ್ಕಿಸಿದರು. ಮಧ್ಯಾಹ್ನವಾಯಿತು. ಬಸವರಾಜಣ್ಣನ ಅಂಗಿಯೆಲ್ಲ ಬೆವರು. ಕೊನೆಗೆ ಅತ್ತೆಯೇ ಅವರ ಕೈ ಹಿಡಿದು ನಿಲ್ಲಿಸಿದಳು.

"ಬುಡಪ್ಪ. ಇದು ನನ್ದಲ್ಲ, ಆಗೋದೂ ಇಲ್ಲ. ಒತ್ತಿ ಒತ್ತಿ ನಾನೇ ಸವೆಸ್ಕೊತೀನಿ. ಮೊದ್ಲೂ ಅಂಗೇ ತಾನೆ ಮಾಡಿದ್ದು. ಮುದ್ದೆ ಉಂಡ್ ಓಗು."

ಊಟಕ್ಕೆ ಕೂತಾಗ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹೊಲದಲ್ಲಿ ಅವಳು ದಿನಕ್ಕೆ ಏಳನ್ನು ಎಷ್ಟು ಸಲ ಒತ್ತಿರಬಹುದು, ಎಷ್ಟು ವರ್ಷ. ಈಗ ವಾರಕ್ಕೆ ಎಷ್ಟು ಸಲ ಒತ್ತುತ್ತಾಳೆ, ಹೀಗಾದರೆ ಆ ಮೂಲೆ ಸವೆಯಲು ಇನ್ನೆಷ್ಟು ವರ್ಷ ಬೇಕು. ಉತ್ತರ ಬಂತು. ಎರಡನೇ ಸಲ ಮಾಡಿದೆ, ಅದೇ ಬಂತು. ಅದನ್ನು ಅವಳಿಗೆ ಹೇಳಲಿಲ್ಲ. ದಿನಚರಿಯಲ್ಲಿ ಬರೆಯದ ಒಂದೇ ಲೆಕ್ಕ ಅದು.

ಚೀಟಿಯನ್ನು ಬದಲಾಯಿಸಿದ್ದೇನೆ. ಈಗ ಮೊದಲ ಸಾಲಿನಲ್ಲಿ "ಬಳಸುವವರನ್ನು ಕೇಳಿದ್ದೀರಾ?" ಎಂದಿದೆ, ಅದಕ್ಕೆ ಚೌಕ ಇಲ್ಲ, ಉತ್ತರ ಬರೆಯಲು ಎರಡು ಗೆರೆ ಇದೆ. ರಘುವಿನ ಪಟ್ಟಿಗೆ ನಲವತ್ತೆರಡನೆಯದಾಗಿ ಒಂದು ಡಬ್ಬಿ ಸೇರಿಸಿದ್ದೇನೆ: ಹದಿನೇಳು ಖಾನೆಗಳದ್ದು, ಮುಚ್ಚಳದ ಮೇಲೆ ಒಡೆಯರ ಹೆಸರು. ಬಿಚ್ಚಿದ ಗುಂಡಿ ಯಾರದೋ ಅವರ ಮನೆಗೇ ಹೋಗಲು. ಅದೊಂದನ್ನು ಅವನು ನಿಜವಾಗಿ ಮಾಡಿಸಿದ, ಮೊದಲನೆಯದನ್ನು ಅತ್ತೆಗೇ ತಂದುಕೊಟ್ಟ. ಅವಳು ಅದರಲ್ಲಿ ಕೊತ್ತಂಬರಿ, ಜೀರಿಗೆ, ಮೆಂತ್ಯ ಹಾಕಿಟ್ಟಿದ್ದಾಳೆ. ಇಟ್ಟಿಗೆಯನ್ನು ನಾನು ಅವನಿಗೆ ವಾಪಸ್ಸು ಕೊಡಲಿಲ್ಲ. ಮುಟ್ಟದೆ ನೋಡಲೆಂದು ಮಾಡಿದ್ದನ್ನು ಪ್ರತಿ ಭಾನುವಾರ ಸಂಜೆ ಎತ್ತಿ, ಫ್ಯಾನಿನ ಗಾಳಿಗೆ ಹಾರಾಡುವ ದಿನಚರಿಯ ಪುಟದ ಮೇಲೆ ಹೇರುತ್ತೇನೆ.

ಗುಂಡಿ ಸವೆಸಿದ ಆ ಭಾನುವಾರ ಸಂಜೆಯೂ ಹಾಗೇ ಮಾಡಿ ಕಾದಿದ್ದೆ. ಪುಟದಲ್ಲಿ ಮೇಲಿನ ಮೂರು ಚೌಕ ಖಾಲಿ. ಫೋನು ಬಂತು.

"ಒಂದ್ ಕಿತ ಒತ್ತಿದೆ, ಒಂದ್ ಬಂತು. ಇನ್ನೊಂದ್ ಕಿತ ಒತ್ತಿದೆ, ಬ್ಯಾರೆ ಬಂತು," ಎಂದಳು ಅತ್ತೆ. "ಇರು, ಮತ್ತೆ ಮಾಡ್ತೀನಿ. ಮಾತಾಡ್‌ಬ್ಯಾಡ."

ಫೋನನ್ನು ಅವಳು ಮೇಜಿನ ಮೇಲೆ ಇಟ್ಟ ಸದ್ದು, ಆಮೇಲೆ ಗುಂಡಿಗಳ ಸದ್ದು. ಟಕ, ಟಕ ಟಕ, ಹಳೆಯ ಓಟ. ನಡುವೆ ಒಮ್ಮೆ ನಿಂತಿತು. ಬೆರಳು ಏಳನ್ನು ಹುಡುಕುತ್ತಿದೆ ಎಂದು ಗೊತ್ತಾಯಿತು. ಸಿಕ್ಕಿತು. ಮತ್ತೆ ಓಟ. ಅಷ್ಟನ್ನೂ ಅವಳು ಮೊದಲಿನಿಂದ ಮತ್ತೊಮ್ಮೆ ಒತ್ತಿದಳು. ಅದೇ ಜಾಗದಲ್ಲಿ ಮತ್ತೆ ನಿಂತಿತು, ಮತ್ತೆ ಸಿಕ್ಕಿತು.

"ಆ ಮೂರ್ ವಾರದ್ದು ಆಮ್ಯಾಲ್ ಮಾಡಾಣ, ಜಾಗ ಬುಟ್ಟಿರು," ಎಂದಳು. "ಈ ವಾರದ್ದು ಎರಡ್ ಕಿತ ಒಂದೇ ಬಂತು. ಬರ್ಕೊ."